ಕರೆಂಟ್ ವಿಮಾನ ಮತ್ತು ಮೇಷ್ಟ್ರ ಮಧ್ಯಾಹ್ನದ ನಿದ್ದೆ

ಆಟದ ವಿಮಾನ ಹಾರಿಸುವವರ ಪಾಡೇ ಇಷ್ಟು, ಅದು ಮೇಲೆ ಹೋದರೂ ಜನ ನಗುತ್ತಾರೆ, ಕೆಳಗೆ ಬಿದ್ದರೂ ನಗುತ್ತಾರೆ. ತೊಂಬತ್ತರ ದಶಕದಲ್ಲಿ ಚಾಮರಾಜಪೇಟೆಯಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ, ನನ್ನ ಗೆಳೆಯನದು ತರಕಾರಿ ಮಂಡಿ. ಭಾನುವಾರ ಇಬ್ಬರೂ ಬಸವನಗುಡಿಯ ಒಂದು ಮೈದಾನದಲ್ಲಿ ರಿಮೋಟ್ ವಿಮಾನ ಹಾರಿಸುತ್ತಿದ್ದೆವು. ಗೆಳೆಯ ಬದುಕುತ್ತಿದ್ದದ್ದು ವಾರದಲ್ಲಿ ಆ ಒಂದು ದಿನ. ಮಿಕ್ಕ ದಿನವೆಲ್ಲ ಎಲೆಕೋಸು.

೧. ಸದ್ದು

ನಮ್ಮ ವಿಮಾನಕ್ಕೆ ಮೊದಲು ಇದ್ದದ್ದು ಎಣ್ಣೆ ಎಂಜಿನ್. ಅದರ ಕಿರುಚಾಟಕ್ಕೆ ಮೈದಾನದ ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರ ಮಧ್ಯಾಹ್ನದ ನಿದ್ದೆ ಹಾಳಾಗುತ್ತಿತ್ತು. ಮೈದಾನದ ಕಮಿಟಿಗೆ ಅವರೇ ಅಧ್ಯಕ್ಷರು. "ಇನ್ನೊಂದ್ಸಲ ಸದ್ದು ಕೇಳ್ಸಿದ್ರೆ ಗೇಟಿಗೆ ಬೀಗ ಹಾಕಿಸ್ತೀನಿ" ಎಂದುಬಿಟ್ಟರು. ನಮಗೆ ಬೇರೆ ಮೈದಾನವಿರಲಿಲ್ಲ. ಗೆಳೆಯನಿಗೆ ಊಟ ಸೇರದಾಯಿತು. ಕೊನೆಗೆ ಎಂಜಿನ್ ಕಿತ್ತು ಮೋಟಾರು, ಬ್ಯಾಟರಿ ಕೂರಿಸಿದೆವು.

ಹಾರಿಸಿದರೆ ಮೇಜಿನ ಫ್ಯಾನಿನಷ್ಟೇ ಸದ್ದು. ಹೊಗೆಯಿಲ್ಲ, ಎಂಜಿನ್ನಿಗೆ ಬೆರೆಸುತ್ತಿದ್ದ ಹರಳೆಣ್ಣೆಯ ಜಿಡ್ಡು ಕೈಗಿಲ್ಲ, ಮೂತಿಯ ಫ್ಯಾನನ್ನು ಬೆರಳಲ್ಲಿ ತಿರುಗಿಸಿ ಸ್ಟಾರ್ಟ್ ಮಾಡುವ ಭಯವಿಲ್ಲ. ಸಂಜೆ ಮೇಷ್ಟ್ರು ಕಣ್ಣು ಕೆಂಪಗೆ ಮಾಡಿಕೊಂಡು ಗೇಟಿಗೆ ಬಂದರು.

"ಏನ್ರೀ, ಇವತ್ತು ಯಾಕೆ ಶುರು ಮಾಡ್ಲಿಲ್ಲ?"

"ಆಗ್ಲೇ ಹಾರಿಸಿ ಮುಗೀತು ಸರ್."

"ಹೇಳೋದಲ್ವೇನ್ರೀ! ಯಾವಾಗ ಕಿರುಚುತ್ತೋ ಅಂತ ಕಾದೂ ಕಾದೂ ಒಂಚೂರೂ ನಿದ್ದೆ ಬರ್ಲಿಲ್ಲ."

೨. ತೂಕ

ಎಣ್ಣೆ ವಿಮಾನ ಹಾರುತ್ತಾ ಎಣ್ಣೆ ಉರಿದು ಹಗುರಾಗುತ್ತದೆ, ಇಳಿಯುವಾಗ ಮೆತ್ತಗೆ ಇಳಿಯುತ್ತದೆ. ಕರೆಂಟಿನದು ಪ್ರತಿಸಲ ಧೊಪ್ಪನೆ ಇಳಿದು ಚಕ್ರ ಮುರಿದುಕೊಳ್ಳುತ್ತಿತ್ತು. ಗೆಳೆಯನಿಗೆ ಅನುಮಾನ ಬಂತು. ಚಾರ್ಜಾದ ಬ್ಯಾಟರಿಯನ್ನು ಮಂಡಿಯ ತಕ್ಕಡಿಯಲ್ಲಿಟ್ಟು ತೂಗಿದ. ಹಾರಿಸಿ ಖಾಲಿ ಮಾಡಿ ತಂದು ಮತ್ತೆ ತೂಗಿದ. ಮುಳ್ಳು ಅಲ್ಲೇ ನಿಂತಿತು.

"ಖಾಲಿ ಆದ್ರೂ ಅಷ್ಟೇ ತೂಗುತ್ತಲ್ಲ ಗುರು!"

"ಬ್ಯಾಟರಿ ಅಂದ್ರೆ ಹಾಗೇನೇ" ಎಂದೆ.

ಅವನು ತಕ್ಕಡಿಯನ್ನೇ ನೋಡುತ್ತಾ ನಿಂತ. "ಈರುಳ್ಳಿ ಮೂಟೆ ಹಿಂಗಿದ್ದಿದ್ರೆ ನಾನು ಇಷ್ಟೊತ್ತಿಗೆ ಮಂತ್ರಿ ಆಗಿರ್ತಿದ್ದೆ."

೩. ಆಯುಧಪೂಜೆ

ಎಣ್ಣೆ ವಿಮಾನ ಇದ್ದಾಗ ಪ್ರತಿವರ್ಷ ಅದಕ್ಕೆ ಆಯುಧಪೂಜೆ ಆಗುತ್ತಿತ್ತು. ಸೇವಂತಿಗೆ ಹಾರ ಹೊತ್ತುಕೊಂಡೇ ಅದು ಹಾರುತ್ತಿತ್ತು. ಕರೆಂಟ್ ವಿಮಾನಕ್ಕೂ ಗೆಳೆಯ ಮಂಡಿಯ ಲಾರಿಗೆ ಹಾಕುವಷ್ಟೇ ಹಾರ ಹಾಕಿದ. ಬ್ಯಾಟರಿಯ ಭಾರ ಹೊರುವುದರಲ್ಲೇ ಸುಸ್ತಾಗಿದ್ದ ವಿಮಾನ ಮೈದಾನದ ತುದಿಯವರೆಗೂ ಓಡಿತೇ ಹೊರತು ಏಳಲಿಲ್ಲ.

"ಹಾರ ತೆಗಿಯೋ" ಎಂದೆ.

"ಪೂಜೆ ಆದ್ಮೇಲೆ ಪೂರ್ತಿ ತೆಗೀಬಾರ್ದು. ಒಂದು ಮೊಳ ಕಡಿಮೆ ಮಾಡೋಣ."

ಒಂದು ಮೊಳ ಕತ್ತರಿಸಿದೆವು, ಓಡಿತು. ಇನ್ನೊಂದು ಮೊಳ, ಮತ್ತೆ ಓಡಿತು. ಕೊನೆಗೆ ಒಂದೇ ಒಂದು ಹೂವು ಉಳಿದಾಗ ಗಾಳಿಗೆ ಎದ್ದಿತು. ಗೆಳೆಯ ಕೈಮುಗಿದು ಹೇಳಿದ: "ಕರೆಂಟಿಗೆ ಭಕ್ತಿ ಇದೆ ಕಣೋ, ಸ್ವಲ್ಪ ಕಮ್ಮಿ ಅಷ್ಟೆ."

೪. ಸಂಡಿಗೆ

ವಿಮಾನ ಎಂದಾದರೂ ಕಿರುಚೀತೆಂಬ ಮೇಷ್ಟ್ರ ಅನುಮಾನ ಇನ್ನೂ ಹೋಗಿರಲಿಲ್ಲ. ಬೇಸಿಗೆಯಲ್ಲಿ ಒಂದು ದಿನ ಕರೆದು ಹೇಳಿದರು: "ಈ ಭಾನುವಾರ ನಾನು ಮಲಗಿದ್ದಾಗ ನಮ್ಮನೆ ಮೇಲೇನೇ ಹಾರಿಸಿ. ಎಚ್ಚರ ಆಗ್ಲಿಲ್ಲ ಅಂದ್ರೆ ಮೈದಾನ ನಿಮ್ದು. ಆಯ್ತೋ, ಬೀಗ."

ಆ ಭಾನುವಾರ ಅವರ ಹೆಂಡತಿ ತಾರಸಿಯ ಮೇಲೆ ಸೀರೆ ಹಾಸಿ ಸಂಡಿಗೆ ಇಟ್ಟಿದ್ದರು. ಕಾಗೆ ಕಾಯಲು ಗಂಡನ ಕೈಗೆ ಕೋಲು ಕೊಟ್ಟು ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ನಾವು ಮೈದಾನದಿಂದ ನೋಡುವಷ್ಟರಲ್ಲಿ ಕೋಲು ಕೆಳಗೆ ಬಿದ್ದಿತ್ತು, ಮೇಷ್ಟ್ರ ಬಾಯಿ ತೆರೆದಿತ್ತು, ಸಂಡಿಗೆಯ ಮೇಲೆ ಕಾಗೆಗಳ ಸಂತರ್ಪಣೆ ನಡೆದಿತ್ತು.

ಗೆಳೆಯ ವಿಮಾನ ಬಿಟ್ಟ. ಅದು ತಾರಸಿಯ ಮೇಲೆ ಸುತ್ತಿತು. ಹದ್ದು ಬಂತೆಂದು ಕಾಗೆಗಳೆಲ್ಲ ಪರಾರಿ. ಮೇಷ್ಟ್ರು ಅಲುಗಲಿಲ್ಲ.

"ಗೆದ್ವಿ, ಇಳಿಸ್ಬಿಡು" ಎಂದೆ.

"ಇನ್ನೊಂದೇ ರೌಂಡು ಮಗಾ!"

ಎಣ್ಣೆ ಮುಗಿಯುವಾಗ ಎಂಜಿನ್ ಕೆಮ್ಮಿ ಎಚ್ಚರಿಸುತ್ತದೆ. ಬ್ಯಾಟರಿಗೆ ಆ ಸೌಜನ್ಯವಿಲ್ಲ. ಆ ರೌಂಡಿನ ಮಧ್ಯದಲ್ಲೇ ಫ್ಯಾನ್ ನಿಂತು, ವಿಮಾನ ಸಂಡಿಗೆಯ ಸೀರೆಯ ಮೇಲೆ ಉದ್ದಕ್ಕೂ ಜಾರಿ ಮೇಷ್ಟ್ರ ಕಾಲಿಗೆ ಗುದ್ದಿತು.

ನಾವು ಏದುಸಿರು ಬಿಡುತ್ತಾ ತಾರಸಿ ಹತ್ತಿದಾಗ ಅವರು "ಎಚ್ಚರ ಆಯ್ತು! ಬೀಗ!" ಎಂದು ಕೂಗುತ್ತಿದ್ದರು. ಗೆಳೆಯನ ಕಣ್ಣಲ್ಲಿ ನೀರು. ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ ಅವರ ಹೆಂಡತಿ ಜಜ್ಜಿಹೋದ ಒಂದು ಸಾಲು ಸಂಡಿಗೆ ನೋಡಿದರು, ಕಾಗೆಯಿಲ್ಲದ ಆಕಾಶ ನೋಡಿದರು.

"ಎಷ್ಟೊತ್ತು ಹಾರುತ್ತಪ್ಪ ಇದು?"

"ಐದೇ ನಿಮಿಷ ಅಮ್ಮ. ಅಷ್ಟಕ್ಕೇ ರಾತ್ರಿಯಿಡೀ ಚಾರ್ಜಿಗೆ ಹಾಕ್ಬೇಕು" ಎಂದ ಗೆಳೆಯ, ತಲೆ ತಗ್ಗಿಸಿ.

"ಬೀಗ ಗೀಗ ಏನೂ ಇಲ್ಲ. ಮುಂದಿನ ಭಾನುವಾರ ಹಪ್ಪಳ ಇದೆ, ತಪ್ಪದೆ ಬಂದ್ಬಿಡಿ" ಎಂದ ಅವರು ಗಂಡನತ್ತ ತಿರುಗಿದರು. "ಇವರನ್ನ ರಾತ್ರಿಯಿಡೀ ಚಾರ್ಜಿಗೆ ಹಾಕಿದ್ರೂ ಎರಡು ನಿಮಿಷ ಬರಲ್ಲ."