ಮೋಟಾರು ಒಪ್ಪಂದ

ನಾನು ಬೆಟಗೇರಿ ಬಿಟ್ಟು ಕದಲದೆಯೇ ಮೂರು ತಿಂಗಳಿಂದ ಪರದೇಶದಲ್ಲಿ ಓದುತ್ತಿದ್ದೆ. ಅಂತರರಾಷ್ಟ್ರೀಯ ವ್ಯಾಪಾರ ಮತ್ತು ಭೂರಾಜಕೀಯ, ಎಲ್ಲ ಲ್ಯಾಪ್‌ಟಾಪಿನಲ್ಲೇ. ಆದರೆ ಹೆಂಡತಿ ಮಾಯಾ ಪರದೇಶದಲ್ಲಿರುವವನನ್ನೂ ಕೊತ್ತಂಬರಿ ತರಲು ಕಳಿಸುತ್ತಿದ್ದಳು.

ಕೊನೆಯ ಪರೀಕ್ಷೆ ಒಂದು ಅಣಕು ಶೃಂಗಸಭೆ. ಒಂದು ನದಿ, ಎರಡು ದೇಶ. ನಾನು ಕೆಳಗಿನ ದೇಶದ ಪ್ರತಿನಿಧಿ. ಒಪ್ಪಂದವಾದರೆ ಪ್ರಮಾಣಪತ್ರ, ಇಲ್ಲದಿದ್ದರೆ ಮೂರು ತಿಂಗಳು ಮಣ್ಣುಪಾಲು. ನನ್ನ ಗ್ರಹಚಾರಕ್ಕೆ ಅದೇ ಬೆಳಿಗ್ಗೆ, ಒಂಬತ್ತು ದಿನದ ಮೇಲೆ, ನಳಕ್ಕೆ ನೀರು ಬಂತು.

"ನಾ ಅಂಗನವಾಡಿಗೆ ಹೊಂಟೀನಿ. ಕೊಡ ಹಚ್ಚಿ ತುಂಬ್ರಿ. ಮೋಟಾರ ಹಚ್ಚಬ್ಯಾಡ್ರಿ, ಎರಡೂ ಮನೀಗೆ ಪೈಪ್ ಒಂದ ಐತಿ. ಬಾಜೂ ಮನ್ಯಾಗ ರುಹಿ ಬಾಣಂತಿ ಅದಾಳ, ಅವರಿಗೂ ನೀರು ಬೇಕು," ಎಂದಳು ಮಾಯಾ.

ಕೊಡ ಬದಲಿಸುತ್ತ ಕೂತರೆ ದೇಶದ ಗತಿಯೇನು? ಅವಳು ಓಣಿ ದಾಟಿದ್ದೇ ತಡ, ನಳಕ್ಕೆ ಮೋಟಾರು ಜೋಡಿಸಿ ಸಭೆಗೆ ಕೂತೆ (ಮೇಲೆ ಕೋಟು, ಕೆಳಗೆ ಲುಂಗಿ).

"ಮೇಲಿನ ದೇಶ ನೀರನ್ನೆಲ್ಲ ಎಳೆದುಕೊಂಡರೆ ಕೆಳಗಿನವರ ಮಕ್ಕಳು ಏನು ಮಾಡಬೇಕು?" ಎಂದು ಇಂಗ್ಲಿಷಿನಲ್ಲಿ ಗುಡುಗಿದೆ. ನನ್ನ ಮಾತಿಗೆ ನನಗೇ ಕಣ್ಣು ತುಂಬಿತು. ಆಗಲೇ ಕಿಟಕಿಯಲ್ಲಿ ರುಹಿಯ ತಾಯಿ ರಸೂಲಬಿ ಬರಿ ಕೊಡ ಹಿಡಿದು ನಿಂತಿದ್ದರು.

"ಸರ, ನಮ್ಮ ನಳಕ್ಕ ಒಂದ್ ಹನಿ ಬರವಲ್ದು. ಕೂಸಿಗೆ ಎರಿಯಾಕ ನೀರಿಲ್ಲ. ಮೋಟಾರ ಬಂದ್ ಮಾಡ್ರಿ."

"ಯಾರವರು?" ಎಂದರು ಪರದೆಯ ಮೇಲಿನ ಪರೀಕ್ಷಕಿ ಮೇಡಂ. ಸುಳ್ಳೊಂದು ನಾಲಿಗೆ ತುದಿಗೆ ಬಂದಿತ್ತು. ಆದರೆ ಆ ಬರಿ ಕೊಡ ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು.

"ಕೆಳಗಿನ ದೇಶದವರು, ಮೇಡಂ. ಮೇಲಿನ ದೇಶ ನಾನೇ," ಎಂದೆ.

"ಹಾಗಾದರೆ ಅವರ ಜೊತೆಗಿನ ಒಪ್ಪಂದವನ್ನೇ ಕಳಿಸಿ. ನಿಮ್ಮ ಪರೀಕ್ಷೆ ಅದು."

ಓಡಿ ಮೋಟಾರು ನಿಲ್ಲಿಸುವಷ್ಟರಲ್ಲಿ ನೀರೇ ನಿಂತಿತ್ತು. ಮಧ್ಯಾಹ್ನ ಮಾಯಾ ಬಂದವಳೇ ಮೋಟಾರು ಕಳಚಿ ಪಕ್ಕಕ್ಕಿಟ್ಟಳು. ತುಂಬಿದ ನಮ್ಮ ಟಾಕಿಗೆ ಪೈಪು ಇಳಿಸಿ ನೀರನ್ನೆಲ್ಲ ಗೋಡೆಯಾಚೆ ಬಿಟ್ಟಳು. ಕೂಸಿಗೆ ಎರೆಯುವ ಸಪ್ಪಳ ಕೇಳಿದ ಮೇಲೆಯೇ ನನಗೆ ಊಟ ಸೇರಿದ್ದು.

ಆಮೇಲೆ ಅವಳೂ ರಸೂಲಬಿಯೂ ಗೋಡೆಯ ಎರಡು ಬದಿ ನಿಂತು ಒಪ್ಪಂದ ಮುಗಿಸಿದರು. ನನ್ನನ್ನು ಬರೆದುಕೊಳ್ಳಲು ಮಾತ್ರ ಕರೆದರು. ಮೊದಲ ಪಾಳಿ ಬಾಣಂತಿ ಮನೆಗೆ. ಮೋಟಾರು ರಸೂಲಬಿಯವರ ಟ್ರಂಕಿಗೆ. ಮತ್ತೆ ನಳ ಬರುವವರೆಗೆ ನಮ್ಮ ಮನೆಗೆ ಬೋರಿನ ನೀರು ಹೊರುವವನು ನಾನು. ಅವರಿಬ್ಬರೂ ಸಹಿ ಹಾಕಿದ ಆ ಕಾಗದವನ್ನೇ ಇಂಗ್ಲಿಷಿಗೆ ತಿರುಗಿಸಿ ಕಳಿಸಿದೆ.

ವಾರದಲ್ಲಿ ಪ್ರಮಾಣಪತ್ರ ಬಂತು. ಒಂದಲ್ಲ, ಎರಡು: ಒಂದು ಮಾಯಾ ಹೆಸರಿಗೆ, ಒಂದು ರಸೂಲಬಿ ಹೆಸರಿಗೆ.

"ಅದರಾಗ ಏನ್ ಬರದಾರ್ರಿ, ಸರ?" ಎಂದು ಕೇಳಿದರು ರಸೂಲಬಿ.

ಹೆಗಲ ಮೇಲಿನ ಕೊಡ ಇಳಿಸಿ, ಓದಿ ಹೇಳಿದೆ.