ಅತ್ತೆಯ ಮದುವೆಗೆ ಅಡ್ಡಬಂದ ಗಾಲಿಗಳು

ಅಜ್ಜನ ಗಾಲಿಗೂ ಅತ್ತೆಯ ಮದುವೆಗೂ ಯಾವ ಜನ್ಮದ ಹಗೆಯೋ ನನಗಿನ್ನೂ ತಿಳಿದಿಲ್ಲ. ಸಂಬಂಧ ಇನ್ನೇನು ಕೂಡಿ ಬಂತು ಅನ್ನುವಷ್ಟರಲ್ಲಿ ನಡುವೆ ಒಂದು ಗಾಲಿ ಬಂದು ನಿಲ್ಲುತ್ತಿತ್ತು. ಅಜ್ಜ ರೋಣದಲ್ಲಿ ಎತ್ತಿನ ಚಕ್ಕಡಿ ಮಾಡುವ ಬಡಿಗ. ಗಜೇಂದ್ರಗಡದಿಂದ ನರಗುಂದದವರೆಗೆ ಅವನ ಗಾಲಿಗಳು ಉರುಳುತ್ತಿದ್ದವು. ಅತ್ತೆ ಅವನ ಕಿರಿಮಗಳು. ಐವತ್ತರ ದಶಕದ ಆ ದಿನಗಳಲ್ಲಿ ಮದುವೆಗೆ ಬಂದ ಮಗಳು ಮನೆಯಲ್ಲಿದ್ದರೆ ತಾಯಿಗೆ ತುತ್ತು ಇಳಿಯುತ್ತಿರಲಿಲ್ಲ. ಅಜ್ಜಿಗಂತೂ ನಿದ್ದೆಯೂ ಇರಲಿಲ್ಲ. ಅಜ್ಜನೆಂದರೆ ನನಗೆ ಜೀವ. ಆದರೂ ಹೇಳಿಬಿಡುತ್ತೇನೆ, ತಪ್ಪೆಲ್ಲ ಅವನದೇ.

೧. ಮುಶಿಗೇರಿಯವರ ಧೋತರ

ಗಾಲಿಯ ಸುತ್ತ ಕೂರುವ ಕಬ್ಬಿಣದ ಬಳೆಗೆ ಹಳಿ ಅನ್ನುತ್ತಾರೆ. ಅದನ್ನು ಸಗಣಿ ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಿಂದ ಎತ್ತಿ, ಕಟ್ಟಿಗೆಯ ಗಾಲಿಗೆ ತೊಡಿಸಿ, ಬಡಿದು ಕೂರಿಸಿ ನೀರು ಹೊಯ್ಯಬೇಕು. ತಡವಾದರೆ ಗಾಲಿ ಸುಡುತ್ತದೆ. ಅವಸರ ಮಾಡಿ ಕೂರುವ ಮೊದಲೇ ನೀರು ಹೊಯ್ದರೆ ಹಳಿ ಸೊಟ್ಟಗೆ ಬಿಗಿದುಕೊಂಡು ಗಾಲಿಯೇ ಹಾಳು. ಅದಕ್ಕೇ ಅಜ್ಜನ ಕಟ್ಟಪ್ಪಣೆ: ಹಳಿ ಬೆಂಕಿಗೆ ಬಿದ್ದ ಮೇಲೆ ನೀರು ಹೊಯ್ಯುವ ತನಕ ಯಾರೂ ತುಟಿ ಬಿಚ್ಚಕೂಡದು. ಒಬ್ಬನ ಮಾತು ಇನ್ನೊಬ್ಬನ ಕೈ ಕೆಡಿಸುತ್ತದೆ ಅನ್ನುತ್ತಿದ್ದ.

ಮುಶಿಗೇರಿಯ ಹಿರಿಯರೊಬ್ಬರು ಅತ್ತೆಗೆ ಒಂದು ಗಂಡಿನ ಸುದ್ದಿ ಹೊತ್ತು ಬಂದದ್ದು ಸರಿಯಾಗಿ ಆ ಹೊತ್ತಿಗೇ. ಅಜ್ಜ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಅವರು ಗಪ್ಪನೆ ನಿಂತರು. ಹಳಿ ಎತ್ತುವಾಗ ಕಿಡಿಯೊಂದು ಹಾರಿ ಅವರ ಧೋತರಕ್ಕೆ ಬಿತ್ತು. ಒಂಟಿ ಕಾಲಲ್ಲಿ ಕುಣಿದರು, ಎರಡೂ ಕೈಯಿಂದ ಬಡಿದುಕೊಂಡರು. ಬಾಯಿ ಮಾತ್ರ ಬಿಡಲಿಲ್ಲ. ಅಜ್ಜ ಹಳಿಯ ಮೇಲಿಂದ ಕಣ್ಣೆತ್ತಲಿಲ್ಲ. ಆ ಗಲಾಟೆಯಲ್ಲಿ ಬಂದ ಸುದ್ದಿ ಮರೆತೇ ಹೋಯಿತು. ನಮಗೆ ನೆನಪಾಗುವಷ್ಟರಲ್ಲಿ ಆ ಗಂಡಿಗೆ ಬೇರೆ ಕಡೆ ಅಕ್ಕಿಕಾಳು ಬಿದ್ದಿತ್ತು. ಅವತ್ತು ಗಾಲಿಗೆ ನೀರು ಬಿದ್ದು ಹೊಗೆ ಆರಿದ ಮೇಲೆ ಆ ಹಿರಿಯರು ಆಡಿದ್ದು ಒಂದೇ ಮಾತು.

"ಗಾಲಿದು ಆತಲ್ರಿ, ಇನ್ನ ನನ್ನ ಮ್ಯಾಲೂ ಒಂದ ಕೊಡ ಹಾಕ್ರಿ."

೨. ಪುರ್ತಗೇರಿಯವರ ಎತ್ತು

ಮುಂದೆ ಪುರ್ತಗೇರಿಯಿಂದ ಹೆಣ್ಣು ನೋಡಲು ಬಂದರು. ಅವರೂ ನಮ್ಮ ಹಾಗೆ ಬಡಿಗರೇ. ಜಮಖಾನೆ ಹಾಸಿ ಕೂರಿಸಿದ್ದಾಯಿತು, ಒಳಗೆ ಉಪ್ಪಿಟ್ಟಿನ ಒಗ್ಗರಣೆಯೂ ಬಿತ್ತು. ಅಜ್ಜ ಮಾತ್ರ ಕಾಣಲಿಲ್ಲ. ಹುಡುಕಿದರೆ ಅಂಗಳದಲ್ಲಿ ಬೀಗರ ಚಕ್ಕಡಿಯ ಅಡಿಯಲ್ಲಿ ಮಲಗಿ ಗಾಲಿ ಬಡಿದು ನೋಡುತ್ತಿದ್ದ! ಕಂಡ ಗಾಲಿಯನ್ನೆಲ್ಲ ಬಡಿದು ನೋಡುವುದು ಅವನ ಚಾಳಿ.

ಎದ್ದು ಒಳಗೆ ಬಂದಾಗ ಗಂಡಿನ ಕಾಕಾ ಮೀಸೆ ತಿರುವುತ್ತ, ನಮ್ಮ ಚಕ್ಕಡಿ ಹೇಗಿದೆ ಎಂದು ಕೇಳಿದರು. ಅಡಿಗೆಮನೆಯ ಬಾಗಿಲಲ್ಲಿ ಅಜ್ಜಿ ಬೇಡ ಬೇಡ ಎಂದು ಕೈಯಾಡಿಸಿದಳು. ಅಜ್ಜನಿಗೆ ಸುಳ್ಳು ಬಾರದು. ಅಂಗಿಯ ಧೂಳು ಕೊಡವಿಕೊಂಡ.

"ಎತ್ತು ಭಾಳ ಚಲೋ ಅದಾವ್ರಿ" ಅಂದ.

ಆ ಗಾಲಿ ಮಾಡಿದವನು ಹೆಣ್ಣು ನೋಡಲು ಬಂದ ಹುಡುಗನೇ. ಉಪ್ಪಿಟ್ಟು ನಾವೇ ತಿಂದೆವು.

೩. ಚಿಕ್ಕನರಗುಂದದವರು

ಮೂರನೆಯ ಸಂಬಂಧವೂ ಬಡಿಗರದೇ. ಬೀಗರ ಗಾಲಿ ಮುಟ್ಟುವುದಿಲ್ಲ ಎಂದು ಅಜ್ಜಿ ಈ ಸಲ ಅಜ್ಜನಿಂದ ದೀಪ ಮುಟ್ಟಿಸಿ ಆಣೆ ಹಾಕಿಸಿದಳು. ಇದೂ ತಪ್ಪಿದರೆ ಮಗಳ ಮುಂದೆ ಹೇಗೆ ಮುಖ ತೋರಿಸಲಿ ಎಂದು ಅತ್ತಳು. ಅವರು ಬರುವುದು ಸಂಜೆಗೆ ಎಂದು ಅಜ್ಜ ಮಧ್ಯಾಹ್ನ ಹಳಿ ಕಾಯಲು ಇಟ್ಟ. ಅವರು ಮಧ್ಯಾಹ್ನವೇ ಬಂದರು.

ಅಜ್ಜ ಬರ್ರಿ ಅನ್ನಲಿಲ್ಲ. ಬೆಂಕಿ ನೋಡಿ ಗಂಡಿನ ಅಪ್ಪನೂ ಬಾಯಿ ಮುಚ್ಚಿಕೊಂಡರು. ಅವರ ಮನೆಯಲ್ಲೂ ಅದೇ ಕಟ್ಟಳೆಯಂತೆ. ಅದು ತಿಳಿಯದ ಅಜ್ಜಿ ಕಾಲಿಗೆ ನೀರು ಹಿಡಿದು ನಿಂತವಳು, ಬೀಗರು ಸಿಟ್ಟಾದರೆಂದೇ ತಿಳಿದಳು. ಗಂಡಿನ ಅಪ್ಪ ಕೋಟು ಬಿಚ್ಚಿ ಒಂದು ಇಕ್ಕಳ ತಾವು ಹಿಡಿದು, ಇನ್ನೊಂದನ್ನು ಮಗನ ಕೈಗೆ ಕೊಟ್ಟರು.

ಹಳಿ ಎತ್ತಿದರು. ಬಾಗಿಲ ಕಡೆ ಕಣ್ಣಿಟ್ಟಿದ್ದ ಹುಡುಗನ ಇಕ್ಕಳ ಜಾರಿತು. ಒಂದು ಮಗ್ಗುಲು ಕೂರಲೇ ಇಲ್ಲ. ಕಟ್ಟಿಗೆ ಹೊತ್ತಿಕೊಂಡಿತು. ಆಚೆ ಬದಿಯಲ್ಲಿದ್ದ ಅಜ್ಜನಿಗೆ ಹೊಗೆಯಲ್ಲಿ ಏನೂ ಕಾಣದು. ಗಾಬರಿಯಾದ ಗಂಡಿನ ಅಪ್ಪ ಕೊಡ ಎತ್ತಿದರು.

"ನೀರ ಹಾಕಬ್ಯಾಡ್ರಿ!"

ಕೂಗಿದವಳು ಅತ್ತೆ. ತಲೆ ತಗ್ಗಿಸಿ ಚಹಾ ತರಬೇಕಾದವಳು ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಬಂದಳು. ಸುತ್ತಿಗೆ ಎತ್ತಿ ಬಡಿದಳು. ಹಳಿ ಕೂತಿತು. "ಈಗ ಹಾಕ್ರಿ" ಅಂದಳು. ಅವರು ಹಾಕಿದರು.

ಹೊಗೆ ಆರಿತು. ಅಜ್ಜಿ ತಲೆಗೆ ಕೈ ಹೊತ್ತು ಹೊಸ್ತಿಲ ಮೇಲೆ ಕೂತಳು. ಬೀಗರ ಮೇಲೆ ದನಿ ಎತ್ತಿದ, ಸುತ್ತಿಗೆ ಹಿಡಿದ ಹುಡುಗಿಯನ್ನು ಯಾರು ಒಪ್ಪುತ್ತಾರೆ? ನನಗೂ ಅಳು ಬಂತು.

ಗಂಡಿನ ಅಪ್ಪ ಬೆವರು ಒರೆಸಿಕೊಂಡು ಅಜ್ಜನ ಕಡೆ ತಿರುಗಿದರು.

"ಹುಡಿಗಿ ನೋಡೋದು ನಮ್ಮದು ಮುಗೀತ್ರಿ. ನಮಗ ಒಪ್ಪಿಗಿ ಐತಿ. ಇನ್ನ ನಿಮ್ಮ ಮಗಳನ್ನ ಕೇಳ್ರಿ."

ಆ ಕಾಲದಲ್ಲಿ ಹುಡುಗಿಯನ್ನು ಕೇಳುವವರು ಯಾರಿದ್ದರು? ಅಜ್ಜ ಸಂತೋಷದಿಂದ ಮಗಳ ಕಡೆ ತಿರುಗಿ, ಹೇಳವ್ವಾ ಅಂದ. ಅತ್ತೆ ಸುತ್ತಿಗೆ ಕೆಳಗಿಟ್ಟಳು. ಮುಖವೆಲ್ಲ ಮಸಿ ಮಾಡಿಕೊಂಡು ನಿಂತ ಹುಡುಗನನ್ನು ಒಮ್ಮೆ ನೋಡಿ, ಆಗ ನೆನಪಾದಂತೆ ತಲೆ ತಗ್ಗಿಸಿದಳು.

"ಚಲೋ ಅದಾರಪ್ಪಾ. ಇಕ್ಕಳಾ ಹಿಡಿಯೋದಷ್ಟ ನಾ ಕಲಸ್ತೀನಿ."