ಹೆದರುಪುಕ್ಕಲ ಅಧ್ಯಕ್ಷನೂ ಮೆಟ್ಟಿಲ ಮೇಲಿನ ಸೋಫಾವೂ

ನನಗೆ ನಿಯಮಗಳೆಂದರೆ ಭಯ. ನಿಯಮಗಳು ಇಲ್ಲವೆಂದರೆ ಇನ್ನೂ ಭಯ. ಸಿಗ್ನಲ್ಲಿನಲ್ಲಿ ಹಸಿರು ದೀಪ ಹತ್ತಿದರೂ ಹಿಂದಿನವನು ಹಾರ್ನ್ ಬಾರಿಸುವವರೆಗೆ ಕಾರು ಮುಂದಕ್ಕೆ ಬಿಡದವನು ನಾನು. ಈ ಅರಬ್ ದೇಶದಲ್ಲಿ ವಾಸಿಸುವ ಪರವಾನಗಿ, ಅಂದರೆ ಇಕಾಮಾ, ನವೀಕರಣವಾದ ದಿನವೇ ಮುಂದಿನ ನವೀಕರಣದ ಚಿಂತೆ ಹಚ್ಚಿಕೊಳ್ಳುತ್ತೇನೆ. ಇಂಥವನನ್ನು ಹವಲ್ಲಿಯ ನಮ್ಮ ಕಟ್ಟಡದವರು ನಿವಾಸಿಗಳ ಸಂಘಕ್ಕೆ ಅಧ್ಯಕ್ಷನನ್ನಾಗಿ ಮಾಡಿದ್ದಾರೆ. ಬೇರೆ ಯಾರೂ ಒಪ್ಪಲಿಲ್ಲ. ಒಲ್ಲೆ ಎನ್ನಲು ನನಗೆ ಧೈರ್ಯವಾಗಲಿಲ್ಲ.

ಹಳೆಯ ಮಾಲೀಕರ ಕಾಲದಲ್ಲಿ ಈ ಸಂಘದ ಗೊಡವೆಯೇ ಇರಲಿಲ್ಲ. ಮೆಟ್ಟಿಲ ಮೇಲೆ ಸಾಮಾನು ಇಡಬಾರದು, ಬಾಲ್ಕನಿಯಿಂದ ನೀರು ಸುರಿಯಬಾರದು ಎಂದೆಲ್ಲ ಬಾಡಿಗೆ ಕರಾರಿನಲ್ಲೇ ಇತ್ತು. ಯಾರಾದರೂ ಮೀರಿದರೆ ಹಾರಿಸ್, ಅಂದರೆ ಕಟ್ಟಡ ಕಾಯುವವನು, ಅರಬಿಯಲ್ಲಿ ಕೂಗಾಡುತ್ತಿದ್ದ. ಒಂದಕ್ಷರ ಅರ್ಥವಾಗದಿದ್ದರೂ ನಾವೆಲ್ಲ ಶಿರಸಾವಹಿಸಿ ಪಾಲಿಸುತ್ತಿದ್ದೆವು. ಆಮೇಲೆ ಕಟ್ಟಡ ಮಾರಾಟವಾಯಿತು. ಹೊಸ ಕರಾರಿನಲ್ಲಿ ಬಾಡಿಗೆಯ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ. "ಹಳೇದೆಲ್ಲ ಖಲಾಸ್. ಬೇಕಾದರೆ ನಿಮ್ಮನಿಮ್ಮಲ್ಲೇ ಮಾಡಿಕೊಳ್ಳಿ," ಎಂದು ಹೊಸ ಮಾಲೀಕರ ಕಡೆಯವರು ಕೈತೊಳೆದುಕೊಂಡರು.

ಹಳೆಯ ನಿಯಮಗಳನ್ನೇ ಇಟ್ಟುಕೊಂಡು ನಾವು ನಮ್ಮನಮ್ಮಲ್ಲೇ ಸಂಘ ಮಾಡಿಕೊಂಡೆವು. ಮನಸ್ಸಿದ್ದವರು ಸೇರಬಹುದು, ಬಲವಂತವಿಲ್ಲ. ಸೇರಿದವರಿಗೆ ನಿಯಮ, ಸೇರದವರಿಗೆ ವಿನಂತಿ. ಸೇರಿಯೂ ಪಾಲಿಸದವರಿಗೆ? ಮತ್ತೊಮ್ಮೆ ವಿನಂತಿ. ದಂಡ ಹಾಕಲು ನಾವು ಯಾರು? ಹಾರಿಸ್ ಕೂಡ "ನೀವೇ ಮುದೀರ್" ಎಂದು ನನಗೆ ಮ್ಯಾನೇಜರ್ ಪಟ್ಟ ಕಟ್ಟಿ ತನ್ನ ಚಹಾದತ್ತ ತಿರುಗಿದ.

ಎಲ್ಲರಿಗಿಂತ ಮೊದಲು ಸದಸ್ಯರಾದವರು ಎರಡನೇ ಮಹಡಿಯ ಲೋಬೊ. ಉಡುಪಿ ಕಡೆಯವರು, ಆಸ್ಪತ್ರೆಯೊಂದರ ಆಫೀಸಿನಲ್ಲಿ ಕೆಲಸ, ದೊಡ್ಡ ಧ್ವನಿ, ಅದಕ್ಕೂ ದೊಡ್ಡ ಮನಸ್ಸು. ಹೊಸ ಸೋಫಾ ತಂದು ಹಳೆಯದನ್ನು ಮೆಟ್ಟಿಲ ತಿರುವಿನಲ್ಲಿ ಇಟ್ಟವರೂ ಅವರೇ. ಕರಾರು ಸತ್ತ ಮೇಲೆ ಅದನ್ನು ಕೇಳುವವರಿರಲಿಲ್ಲ. ನಮ್ಮ ಮನೆ ಐದನೇ ಮಹಡಿ. ಬೆಂಕಿ ಬಿದ್ದರೆ ಲಿಫ್ಟ್ ಹತ್ತುವಂತಿಲ್ಲ. ನಾನು, ಹೆಂಡತಿ, ಮಗ ಮೂವರೂ ಆ ಸೋಫಾ ದಾಟಿಯೇ ಇಳಿಯಬೇಕು. ಈ ಯೋಚನೆ ಹೊಕ್ಕ ಮೇಲೆ ನನಗೆ ಊಟ ರುಚಿಸಲಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಎಂದರೂ ಎದ್ದು ಹೋಗಿ ಒಲೆ ನೋಡಿ ಬರುತ್ತಿದ್ದೆ.

ಹೇಳಬೇಕೆಂದು ಎಷ್ಟೋ ಸಲ ಲೋಬೊ ಮನೆಗೆ ಹೋದೆ. "ಬನ್ನಿ ಬನ್ನಿ ಮಾರಾಯ್ರೆ, ಎಂತ ಬಾಗಿಲಲ್ಲೇ ನಿಂತದ್ದು?" ಎಂದು ಒಳಗೆ ಕರೆದು ಕಾಫಿ ಕೊಡುತ್ತಿದ್ದರು. ಕಾಫಿ ಕುಡಿದು, ಹವೆಯ ಬಗ್ಗೆ ಮಾತಾಡಿ, ಅವರ ಹೆಂಡತಿ ಕಟ್ಟಿಕೊಟ್ಟ ತಿಂಡಿ ಹಿಡಿದು ಅದೇ ಸೋಫಾ ಸವರಿಕೊಂಡು ಮೇಲೆ ಬರುತ್ತಿದ್ದೆ. ಊಟ ಹಾಕುವ ಮನುಷ್ಯನಿಗೆ ನಿಯಮ ಹೇಳುವ ಎದೆಗಾರಿಕೆ ನನ್ನಲ್ಲಿರಲಿಲ್ಲ.

ಒಂದು ಸಂಜೆ ಮನೆಯಲ್ಲಿ ಹೊಗೆ ವಾಸನೆ ಬಂತು. "ಏಳ್ರೀ, ಬೆಂಕಿ!" ಎಂದು ಕೂಗಿ ಬರಿಗಾಲಲ್ಲಿ ಓಡಿದೆ. ಹೆಂಡತಿ ಮಗ ಹಿಂದೆ ಬರುತ್ತಿದ್ದಾರೆಂದು ನಂಬಿದ್ದೆ. ಎರಡನೇ ಮಹಡಿಯಲ್ಲಿ ಮೊಣಕಾಲು ಸೋಫಾಕ್ಕೆ ಬಡಿದು, ಅದರ ಮೇಲೇ ಬಿದ್ದು ತಿರುಗಿ ನೋಡಿದರೆ ಯಾರೂ ಇಲ್ಲ. ಅವರು ಮೇಲೆಯೇ ಉಳಿದುಬಿಟ್ಟರೆ ಎಂಬ ಹೆದರಿಕೆಗೆ ಬಿದ್ದಲ್ಲಿಂದಲೇ ಇಬ್ಬರನ್ನೂ ಕೂಗಿ ಕರೆದೆ. ಅಷ್ಟರಲ್ಲಿ ಮೇಲಿನಿಂದ ಮಗನ ದನಿ: "ಡ್ಯಾಡ್, ಇಟ್ಸ್ ಜಸ್ಟ್ ಬುಖೂರ್!" ಎದುರು ಮನೆಯವರು ಅತಿಥಿಗಳಿಗಾಗಿ ಧೂಪ ಹಾಕಿದ್ದರು.

ಸದ್ದಿಗೆ ಹೊರಬಂದ ಲೋಬೊ ನನ್ನನ್ನು ನೋಡಿ ಗಾಬರಿಯಾದರು. "ಎಂತ ಆಯ್ತು? ನೀವು ಹೀಗೆ ನಡುಗುವುದೆಂತಕ್ಕೆ?"

"ಈ ಸೋಫಾರೀ..." ಎಂದು ಕೆಳಗಿಳಿಯುವ ಮೆಟ್ಟಿಲಿನತ್ತ ಕೈ ತೋರಿಸಿದೆ.

ಮರುದಿನ ಸೋಫಾ ಇರಲಿಲ್ಲ. ಮೂರನೇ ಮಹಡಿಯ ಸೈಕಲ್ಲು, ನಾಲ್ಕನೆಯದರ ಚಪ್ಪಲಿ ಸ್ಟ್ಯಾಂಡೂ ಒಳಗೆ ಹೋಗಿದ್ದವು. "ನಾನೇ ಎಲ್ಲರಿಗೂ ಹೇಳಿದ್ದು, ಪಾಪ, ಅಧ್ಯಕ್ಷರಿಗೆ ಹೆದರಿಕೆ ಆಗ್ತದೆ ಅಂತ," ಎಂದರು ಲೋಬೊ. ಕರಾರು ಮಾಡದ್ದನ್ನು ನನ್ನ ಮುಖ ಮಾಡಿತ್ತು. ಮುಂದಿನ ಸಭೆಯಲ್ಲಿ ಅವಿರೋಧವಾಗಿ ಮತ್ತೆ ನನ್ನನ್ನೇ ಆರಿಸಿದರು. ಇಷ್ಟು ಚೆನ್ನಾಗಿ ಹೆದರುವವರು ಕಟ್ಟಡದಲ್ಲಿ ಬೇರೆ ಇಲ್ಲವಂತೆ.

ಈಗ ಕೆಳಗಿನಿಂದ ಮೇಲಿನವರೆಗೆ ಮೆಟ್ಟಿಲು ಖಾಲಿ, ಐದನೇ ಮಹಡಿ ಒಂದನ್ನು ಬಿಟ್ಟು. ಅಲ್ಲಿ ನಮ್ಮ ಬಾಗಿಲ ಮುಂದೆ, ಊರಿಗೆ ಒಯ್ಯಲು ಹೆಂಡತಿ ವರ್ಷವಿಡೀ ಕಂಬಳಿ, ಖರ್ಜೂರ, ಹಾಲಿನ ಪುಡಿ ತುಂಬಿ ಹಗ್ಗ ಬಿಗಿದಿಟ್ಟ ಕಾರ್ಟನ್‌ಗಳಿವೆ. ಎದೆ ಗಟ್ಟಿಮಾಡಿಕೊಂಡು ಸಂಘದ ನಿಯಮ ಹೇಳಿದೆ.

"ಮನಸ್ಸಿದ್ದವರಿಗೆ ಅಷ್ಟೇ ಸಂಘ ಅಂತ ನೀವೇ ಹೇಳಿರಲ್ರೀ? ನಾ ಎಲ್ಲಿ ಸೇರೀನಿ?" ಎಂದಳು.

ವಿನಂತಿ ಮಾಡಿದೆ. ಮತ್ತೊಮ್ಮೆ ವಿನಂತಿ ಮಾಡಿದೆ. ಕೊನೆಗೆ ಇಡೀ ಕಟ್ಟಡವನ್ನು ಕರಗಿಸಿದ ಆ ಮುಖವನ್ನೂ ಮಾಡಿ ನಿಂತೆ. ಆದರೆ ಮದುವೆಯ ದಿನದಿಂದ ಅವಳು ಅದನ್ನೇ ನೋಡುತ್ತಿದ್ದಾಳೆ. "ಸರೀರಿ ಆ ಕಡೆ," ಎಂದು ಇನ್ನೊಂದು ಕಾರ್ಟನ್ ತಂದಿಟ್ಟಳು.